ನಾನು ಮಗ್ಗ ನಿಲ್ಲಿಸಲಿಲ್ಲ

ಕರೆಂಟು ಹೋದದ್ದನ್ನು ಬಿಟ್ಟರೆ, ಬನಹಟ್ಟಿಯ ನಮ್ಮ ಓಣಿಯಲ್ಲಿ ಎಲ್ಲ ಮಗ್ಗಗಳೂ ಒಟ್ಟಿಗೆ ನಿಲ್ಲುವುದು ಎರಡೇ ಕಾರಣಕ್ಕೆ. ಒಂದು, ಹೆಣ ಹೋಗುವಾಗ. ಇನ್ನೊಂದು, ಸೈನ್ಯದಿಂದ ನಿವೃತ್ತನಾಗಿ ಬಂದವನ ಮೆರವಣಿಗೆ ಹೋಗುವಾಗ. ತೆರೆದ ಜೀಪು, ಕೊರಳ ತುಂಬ ಹಾರ, ತಲೆಗೆ ಪೇಟ, ಮುಂದೆ ಹಲಗೆ ಬಾರಿಸುವವರು, ಹಿಂದೆ ಬೈಕುಗಳು. ಜೀಪು ಮೂಲೆ ತಿರುಗಿದ್ದೇ ತಡ, ಒಂದೊಂದೇ ಮನೆಯವರು ಸ್ವಿಚ್ ಆರಿಸುತ್ತ ಬರುತ್ತಾರೆ. ಹುಟ್ಟಿದಾಗಿನಿಂದ ಖಟಖಟ ಕೇಳಿದ ಕಿವಿಗೆ ಆ ಮೌನಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ನನ್ನ ಅಪ್ಪ ಆರಿಸುತ್ತಿದ್ದ. ನಾನೂ ಆರಿಸುತ್ತ ಬಂದಿದ್ದೆ.

ಕಳೆದ ವರ್ಷ ನನ್ನ ಮಗಳು ಸೈನ್ಯ ಬಿಟ್ಟು ಮನೆಗೆ ಬಂದಳು. ಮೇಜರ್ ಆಗಿದ್ದಳು. ಒಂದು ಮಗ್ಗವೂ ನಿಲ್ಲಲಿಲ್ಲ.

ಇದನ್ನು ಬರೆಯುತ್ತಿರುವುದು ದುಃಖಕ್ಕಲ್ಲ, ಸಿಟ್ಟಿಗೆ.

ಆರನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಬೇರೆಯವರ ಮಗ್ಗದ ಮುಂದೆ ನಿಂತು ನಿಂತು, ಕೊನೆಗೆ ನನ್ನ ಮನೆಯ ಮುಂದಿನ ಪಡಸಾಲೆಯಲ್ಲಿ ನಾಲ್ಕು ಪವರ್‌ಲೂಮ್ ಹಾಕಿದೆ. ಯಾರ ಬಾಗಿಲಿಗೂ ಕೈಚಾಚಿ ಹೋದವನಲ್ಲ. ಮಗಳು ಜಮಖಂಡಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದವಳು ಮೊದಲ ವರ್ಷವೇ ಎನ್‌ಸಿಸಿ ಸೇರಿದಳು. ಖಾಕಿ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡಬೇಕಂತೆ ಎಂದಳು. ಗಂಜಿಯ ವಿಷಯ ನೇಕಾರನಿಗೆ ಹೇಳಿಕೊಡಬೇಕೇ? ಸೀರೆಯ ಹಾಸಿನ ನೂಲಿಗೆ ಹಾಕುವ ಗಂಜಿಯನ್ನೇ ಗಟ್ಟಿಯಾಗಿ ಕಾಯಿಸಿ ಅದರಲ್ಲಿ ಅದ್ದಿ ಒಣಹಾಕಿದೆ. ಬೆಳಿಗ್ಗೆ ನೋಡಿದರೆ ಪ್ಯಾಂಟು ಯಾವ ಆಸರೆಯೂ ಇಲ್ಲದೆ ನೆಲದ ಮೇಲೆ ತಾನೇ ನಿಂತಿತ್ತು.

“ಅಪ್ಪಾ, ಇದನ್ನ ನಾ ಹಾಕ್ಕೊಳ್ಳಲೊ, ಇದರ ಬಾಜೂ ನಿಂದರಲೊ?” ಎಂದಳು ಮಗಳು.

ಒಳಗಿನಿಂದ ನನ್ನ ಹೆಂಡತಿ, “ನೀ ಮನ್ಯಾಗ ಇರು ಬೇ. ಪರೇಡಿಗೆ ಅದನ್ನ ಕಳಸೂಣು,” ಎಂದಳು.

ಅದನ್ನೇ ತೊಟ್ಟು ಹೋದಳು. ಸಂಜೆ ಬಂದಾಗ ಮೊಣಕಾಲಿನ ಹಿಂದೆ ಚರ್ಮ ಕಿತ್ತಿತ್ತು. ಸಾಲಿನಲ್ಲಿ ಎಲ್ಲರಿಗಿಂತ ತನ್ನ ಇಸ್ತ್ರಿಯೇ ಛಲೋ ಇತ್ತೆಂದು ಹೇಳಿದಳೇ ಹೊರತು ನೋವೆನ್ನಲಿಲ್ಲ.

ಮೂರು ವರ್ಷ ಮುಗಿಸಿ ‘ಸಿ’ ಸರ್ಟಿಫಿಕೇಟ್ ತೆಗೆದುಕೊಂಡಳು. ಅದಿದ್ದವರು ಸೈನ್ಯದ ಅಧಿಕಾರಿ ಹುದ್ದೆಗೆ ಬರವಣಿಗೆಯ ಪರೀಕ್ಷೆ ಕೊಡಬೇಕಿಲ್ಲ, ನೇರವಾಗಿ ಸಂದರ್ಶನಕ್ಕೆ ಹೋಗಬಹುದು. ಓಣಿಗೆ ಇಷ್ಟೇ ಸಾಕಾಯಿತು. ‘ಪರೀಕ್ಷಾ ಬರೀಲಾರದ ಅಫೀಸರ್ ಆದಳಂತ’ ಎಂದು ನಕ್ಕರು. ಆ ಸಂದರ್ಶನ ಎಂದರೇನು ಎಂದು ಒಬ್ಬನೂ ಕೇಳಲಿಲ್ಲ. ಹಗ್ಗ, ಮರದ ಹಲಗೆ ಕೊಟ್ಟು ತಂಡ ಕಟ್ಟಿಕೊಂಡು ಹಳ್ಳ ದಾಟು ಎನ್ನುತ್ತಾರೆ, ದಿನಗಟ್ಟಲೆ ಕೂರಿಸಿ ತಲೆಯೊಳಗೆ ಏನಿದೆ ಎಂದು ಕೆದಕುತ್ತಾರೆ, ಹಾಲ್ ತುಂಬ ಬಂದವರಲ್ಲಿ ಬೆರಳೆಣಿಕೆಯ ಮಂದಿಯನ್ನು ಉಳಿಸಿಕೊಂಡು ಮಿಕ್ಕವರನ್ನು ಬಸ್ಸು ಹತ್ತಿಸುತ್ತಾರೆ. ನನ್ನ ಮಗಳು ಉಳಿದಳು. ತರಬೇತಿ ಮುಗಿದ ದಿನ ಹೆಗಲ ಮೇಲೆ ನಕ್ಷತ್ರ ಕೂರಿಸುವ ಕೆಲಸವನ್ನು ತಂದೆತಾಯಿಗೆ ಬಿಟ್ಟಿರುತ್ತಾರೆ. ಕತ್ತಲಲ್ಲೂ ಹರಿದ ಎಳೆಗೆ ಗಂಟು ಹಾಕುವ ನನ್ನ ಬೆರಳಿಗೆ ಅಂದು ಆ ಪಿನ್ನು ಸಿಗಲೊಲ್ಲದು.

ಆಮೇಲಿನ ಹತ್ತು ವರ್ಷ ಅವಳು ಹಿಮದ ಠಾಣ್ಯಗಳಿಗೆ ಅಕ್ಕಿ, ಸೀಮೆಎಣ್ಣೆ, ಔಷಧ ಮುಟ್ಟಿಸುವ ಲಾರಿಗಳ ಸಾಲನ್ನು ನಡೆಸಿದಳು. ಕಾಲೇಜಿನ ಎನ್‌ಸಿಸಿಯಿಂದ ಈ ದಾರಿಯಲ್ಲಿ ಹೋದವರ ಕರಾರು ಅಷ್ಟೇ, ಹತ್ತು ವರ್ಷ. ಅದು ಮುಗಿಯುವ ಹೊತ್ತಿಗೆ ಒಂದು ಮಂಡಳಿ ಕುಳಿತು ಕೆಲವರನ್ನು ಕಾಯಂ ಮಾಡುತ್ತದೆ. ಉಳಿದವರು ಇನ್ನು ಸ್ವಲ್ಪ ವರ್ಷ ಇರಬಹುದು, ಇಲ್ಲವೇ ಹೊರಡಬಹುದು. ಹೊರಟವರಿಗೆ ಪಿಂಚಣಿ ಇಲ್ಲ.

“ಯಾಕ ನಿನ್ನ ಕಾಯಂ ಮಾಡ್ಲಿಲ್ಲ?” ಎಂದು ಫೋನಿನಲ್ಲಿ ಕೇಳಿದೆ.

“ಜಾಗಾ ಕಡಿಮಿ ಇದ್ದುವು ಅಪ್ಪಾ. ನನಗಿಂತ ಛಲೋ ಮಾಡಿದವರು ಇದ್ರು. ಇನ್ನ ನಾಕ ವರ್ಷ ಇರ್ತಿ ಏನ ಅಂದ್ರು, ನಾನ ಸಾಕಂದೆ.”

ಅವಳಿಗೆ ಇಷ್ಟು ತಣ್ಣಗೆ ಹೇಳಲು ಬಂತು. ನನಗೆ ಕೇಳಲು ಬರಲಿಲ್ಲ. ಮೈಯಲ್ಲಿ ಕಸುವಿರುವ ವರ್ಷಗಳನ್ನೆಲ್ಲ ಇಸಿದುಕೊಂಡು, ಇನ್ನು ಹೊಸದಾಗಿ ಶುರು ಮಾಡು ಎನ್ನುವುದು ಯಾವ ನ್ಯಾಯ? ಇದು ನನ್ನ ಮೊದಲ ಸಿಟ್ಟು. ಆದರೆ ಆ ಕರಾರಿಗೆ ಅವಳು ಗೊತ್ತಿದ್ದೇ ಸಹಿ ಹಾಕಿದ್ದಳು. ಓಣಿಯ ಜೊತೆ ನಾವು ಯಾವ ಕರಾರೂ ಮಾಡಿಕೊಂಡಿರಲಿಲ್ಲ.

ನಮ್ಮಲ್ಲಿ ಮೆರವಣಿಗೆಗಳನ್ನು ಮಾಡಿಸುವವನು ಒಬ್ಬ ನೂಲಿನ ವ್ಯಾಪಾರಿ. ಜೀಪು, ಹಾರ, ಹಲಗೆ ಎಲ್ಲ ಅವನ ಉಸ್ತುವಾರಿ. ಅವನ ಅಂಗಡಿಗೆ ಹೋದೆ.

“ಸೋಮವಾರ ಮಗಳು ಬರತಾಳ. ಜೀಪ ಹೇಳೂದಿತ್ತು.”

“ರಜಾಕ್ಕೇನ್ರಿ ಕಾಕಾ?”

“ರಜಾ ಅಲ್ಲ. ಮೇಜರ್ ಆಗಿ ಮುಗಿಸಿ ಬರಾಕತ್ತಾಳ.”

“ಹತ್ತ ವರ್ಷಕ್ಕ? ಪಿನ್ಶನ್ ಐತೇನು?”

“ಇಲ್ಲ. ಅದು ಶಾರ್ಟ್ ಸರ್ವಿಸ್. ಕರಾರ ಇರೂದ ಅಷ್ಟ.”

ಅವನು ಗಾದಿಗೆ ಇನ್ನಷ್ಟು ಒರಗಿದ. “ಹಂಗಾರ ರಿಟೈರ್ ಅಲ್ಲ ಬಿಡ್ರಿ. ಬಿಡಿಸ್ಯಾರ. ಜೀಪ ತಂದ್ರ ಮಂದಿ ನಗತಾರ.” ಆಮೇಲೆ ಅಂಗಡಿಯಲ್ಲಿ ಕುಳಿತವರ ಕಡೆ ತಿರುಗಿ, “ಮುಧೋಳ ನಾಯಿಗಿ ಸೈತ ಮಿಲ್ಟ್ರ್ಯಾಗ ಕಾಯಂ ನೌಕರಿ ಕೊಡ್ತಾರಂತಪಾ!” ಎಂದ. ಎಲ್ಲರೂ ನಕ್ಕರು.

“ಲೇ, ಆ ಗಾದಿ ಬಿಟ್ಟ ಎದ್ದು ಹಿಪ್ಪರಗಿ ಬ್ಯಾರೇಜಿನ ತನಕ ನಡದ ತೋರಸು. ಆಮ್ಯಾಲ ನನ್ನ ಮಗಳ ಸುದ್ದಿ ಮಾತಾಡು,” ಎಂದು ಹೊರಬಿದ್ದೆ. ಅಂದಿನಿಂದ ಅವನಲ್ಲಿ ನೂಲು ಕೊಂಡಿಲ್ಲ. ರಬಕವಿಯಿಂದ ತರುತ್ತೇನೆ.

ಸೋಮವಾರ ಮಗಳು ಕರಿ ಟ್ರಂಕಿನೊಂದಿಗೆ ಆಟೋದಲ್ಲಿ ಬಂದಿಳಿದಳು. ಓಣಿ ತುಂಬ ಖಟಖಟ. ಓಣಿ ಕೊಡದ ಮರ್ಯಾದೆಯನ್ನು ನಾನೇ ಕೊಟ್ಟುಕೊಳ್ಳುವುದೆಂಥದು ಎಂದು ನಮ್ಮ ನಾಲ್ಕನ್ನೂ ನಾನು ಆರಿಸಿರಲಿಲ್ಲ. ಮಗ್ಗದ ಮನೆಯವರು ನಾವು ಆ ಸದ್ದಿನಲ್ಲಿ ಮಾತು ಕೇಳಿಸಿಕೊಳ್ಳುವುದಿಲ್ಲ, ತುಟಿ ನೋಡಿ ತಿಳಿಯುತ್ತೇವೆ. ಹೊಸ್ತಿಲಲ್ಲಿ ನಿಂತು ಅವಳ ತುಟಿ ಆಡಿತು: ‘ಊಟಕ್ಕ ಏನೈತಿ?’ ಹತ್ತು ವರ್ಷದ ಮೇಲೂ ದನಿ ಎತ್ತರಿಸದೆ ನನ್ನ ಜೊತೆ ಹಾಗೆ ಮಾತಾಡುವುದನ್ನು ಮರೆತಿರಲಿಲ್ಲ. ಓಣಿಯ ಮೇಲೆ ಸಿಟ್ಟು ಇಮ್ಮಡಿಯಾಯಿತು.

ಬೀಳಗಿಯಲ್ಲಿ ಬೀಗರ ಮದುವೆಗೆ ಹೋದಾಗ ಊಟದ ಪಂಕ್ತಿಯಲ್ಲೇ ಒಬ್ಬ ಹೆಂಗಸು ನನ್ನ ಹೆಂಡತಿಯನ್ನು ಕೇಳಿದಳು: “ಯಾಕ ತಗದ್ರ ಬೇ ನಿನ್ನ ಮಗಳನ್ನ?”

ಹೆಂಡತಿ ಬಾಯಿ ತೆರೆಯುವ ಮೊದಲೇ ಮಗಳು, “ಬಾಳ ತಿಂತಾಳ ಅಂತ ತಗದ್ರು ಅತ್ತಿ,” ಎಂದು ಇನ್ನೊಂದು ಲಾಡು ಎತ್ತಿಕೊಂಡಳು. ಪಂಕ್ತಿಯೆಲ್ಲ ನಕ್ಕಿತು. ನಾನು ಎಲೆ ಬಿಟ್ಟು ಎದ್ದೆ.

“ತಿಳಿಸಿ ಹೇಳಾಕ ಏನ ಧಾಡಿ ನಿನಗ?” ಎಂದೆ ಬಸ್ಸಿನಲ್ಲಿ.

“ಎಷ್ಟ ಮಂದಿಗಿ ಹೇಳ್ಲಿ?”

“ಎಲ್ಲಾರಿಗೂ!”

ಅವಳು ಕಿಟಕಿಯ ಕಡೆ ತಿರುಗಿದಳು.

ಕೆಲವು ತಿಂಗಳ ಮೇಲೆ ಹಿಂದಿನ ಓಣಿಯ ಹವಾಲ್ದಾರನೊಬ್ಬ ಪೂರಾ ಸೇವೆ ಮುಗಿಸಿ ಬಂದ. ಹಿಂದಿನ ದಿನ ವ್ಯಾಪಾರಿಯೇ ಮನೆಮನೆಗೆ ಬಂದು ಹೇಳಿದ. ನನ್ನ ಬಾಗಿಲಲ್ಲೂ ನಿಂತು, “ನಾಳೆ ಮುಂಜಾನಿ ಮೆರವಣಿಗಿ ಐತ್ರಿ ಕಾಕಾ. ಮಗ್ಗ ಆರಸ್ರಿ,” ಎಂದ. ಏನೂ ಆಗಿಲ್ಲವೆಂಬಂತೆ ನಗುತ್ತಿದ್ದ. ನಾನು ತಲೆ ಎತ್ತಲಿಲ್ಲ.

ಜೀಪು ಮೂಲೆ ತಿರುಗಿತು. ಒಂದೊಂದೇ ಮನೆಯ ಸದ್ದು ಅಡಗುತ್ತ ಬಂತು. ಪಕ್ಕದ ಮನೆಯದೂ ಅಡಗಿತು. ನನ್ನ ನಾಲ್ಕು ಮಗ್ಗಗಳು ನಡೆದೇ ಇದ್ದವು. ಇಡೀ ಓಣಿಯ ಮೌನದಲ್ಲಿ ನಾಲ್ಕು ಮಗ್ಗದ ಸದ್ದು ಎಷ್ಟು ದೊಡ್ಡದೆಂದು ನನಗೂ ಅಂದೇ ತಿಳಿದದ್ದು. ಹಲಗೆಯವರು ತಾಳ ತಪ್ಪಿ ನಿಲ್ಲಿಸಿದರು. ವ್ಯಾಪಾರಿ ಬಾಗಿಲಿಗೆ ಓಡಿಬಂದು ಎರಡೂ ಕೈ ಎತ್ತಿ ಬಾಯಿ ಮಾಡಿದ. ‘ಆರಸ್ರಿ! ಆರಸ್ರಿ!’ ತುಟಿ ಓದಿದೆ. ಓದದವನಂತೆ ನಿಂತೆ.

ಮಗಳು ಅಡಿಗೆಮನೆಯಿಂದ ಬಂದಳು. ಕೈಗೆ ಜೋಳದ ಹಿಟ್ಟು ಹತ್ತಿತ್ತು. ನೆಟ್ಟಗೆ ಹೋಗಿ ಮೇನ್ ಸ್ವಿಚ್ ಎಳೆದಳು.

“ಅಪ್ಪಾ, ಅವ ಏನ ಮಾಡ್ಯಾನ ನಿನಗ?”

“ಅವ ಏನೂ ಮಾಡಿಲ್ಲ. ಓಣಿ ಮಾಡೈತಿ.”

“ಹಂಗಾರ ಓಣಿ ಕೂಡ ಜಗಳಾ ಮಾಡು. ಅವ ದುಡದ ಬಂದಾನ.”

“ನೀ ದುಡದಿಲ್ಲಾ?”

ಅವಳು ಸೆರಗಿಗೆ ಕೈ ಒರೆಸಿಕೊಂಡು ಹೊಸ್ತಿಲು ದಾಟಿ ಕಟ್ಟೆಯ ಮೇಲೆ ನಿಂತಳು. ಹಿಮ್ಮಡಿ ಕೂಡಿಸಿ, ಮುಷ್ಟಿ ಬಿಗಿದು, ನನ್ನ ಗಂಜಿ ಕುಡಿದ ಆ ಪ್ಯಾಂಟಿನ ಹಾಗೆ, ಯಾವ ಆಸರೆಯೂ ಇಲ್ಲದೆ.

ಹವಾಲ್ದಾರ ನೋಡಿದ. ರಜೆಗೆ ಬಂದಾಗ ಅವಳ ಸುದ್ದಿ ಅವನ ಕಿವಿಗೆ ಬಿದ್ದಿರಬೇಕು. ಡ್ರೈವರನ ಹೆಗಲು ತಟ್ಟಿ ಜೀಪು ನಿಲ್ಲಿಸಿದ. ಹಾರಗಳ ಭಾರದಲ್ಲೇ ಅಲ್ಲಿಯೇ ಸಾವಧಾನ್ ಭಂಗಿಯಲ್ಲಿ ನೆಟ್ಟಗೆ ನಿಂತು, “ಜೈ ಹಿಂದ್, ಮೇಡಂ!” ಎಂದ. ಓಣಿಯ ಆ ತುದಿಗೂ ಕೇಳಿಸಿತು.

“ಜೈ ಹಿಂದ್,” ಎಂದಳು. “ಛಲೋ ಆತು, ಸುಖವಾಗಿ ಬಂದ್ರಿ.”

ಜೀಪು ಮುಂದೆ ಸಾಗಿತು. ವ್ಯಾಪಾರಿ ಮಾತ್ರ ನನ್ನ ಬಾಗಿಲಲ್ಲೇ ಉಳಿದ. ಮುಖದ ತುಂಬ ಹೊಸ ವಿನಯ.

“ಕಾಕಾ, ಇಷ್ಟ ದೊಡ್ಡ ಅಫೀಸರ್ ಅಂತ ಮೊದಲ ಹೇಳಬಾರದೇನ್ರಿ? ಆಗಸ್ಟಿಗೆ ಒಂದು ಸತ್ಕಾರ ಇಡೂಣು, ಶಾಲು ಹಾಕೂಣು…”

ಹೇಳಿದ್ದೆ. ಅವನ ಗಾದಿಯ ಮುಂದೆಯೇ ನಿಂತು ಹೇಳಿದ್ದೆ. ಹತ್ತು ವರ್ಷದ ದುಡಿಮೆ ಸಾಲಲಿಲ್ಲ ಇವನಿಗೆ, ತಂದೆಯ ಮಾತು ಸಾಲಲಿಲ್ಲ. ಜೀಪಿನ ಮೇಲಿದ್ದವನೊಬ್ಬ ಮೇಡಂ ಎಂದಾಗಲೇ ಅವಳು ಇವನ ಕಣ್ಣಿಗೆ ಬಿದ್ದಳು. ಮಗಳು ಅಂದು ಅವನಿಗೂ ನಗುತ್ತಲೇ ಕೈಮುಗಿದು ರೊಟ್ಟಿ ಬಡಿಯಲು ಒಳಗೆ ಹೋದಳು. ಅದು ಅವಳ ದೊಡ್ಡ ಗುಣ. ನನ್ನಲ್ಲಿ ಅದಿಲ್ಲ, ಬೇಕಾಗಿಯೂ ಇಲ್ಲ.

ಜೀಪು ಇನ್ನೂ ಓಣಿ ದಾಟಿರಲಿಲ್ಲ. ಯಾವ ಮನೆಯಲ್ಲೂ ಮಗ್ಗ ಶುರುವಾಗಿರಲಿಲ್ಲ. ನಾನು ಹೋಗಿ ಸ್ವಿಚ್ ಹಾಕಿದೆ. ನಾಲ್ಕೂ ಒಮ್ಮೆಗೇ ಎದ್ದವು. ವ್ಯಾಪಾರಿಯ ತುಟಿ ಇನ್ನೂ ಆಡುತ್ತಲೇ ಇತ್ತು. ಅದನ್ನು ಓದುವುದು ನನಗೆ ಚೆನ್ನಾಗಿ ಬರುತ್ತದೆ. ಬೆನ್ನು ತಿರುಗಿಸಿ, ಹರಿದಿದ್ದ ಎಳೆ ಹುಡುಕತೊಡಗಿದೆ.