ಬದುಕಿದ್ದವನಿಗೆ ಹಾರ

ನಮ್ಮ ಚಾಮರಾಜಪೇಟೆಯ ವಠಾರದಲ್ಲಿ ಎದುರುಮನೆಯ ರುದ್ರೇಶ ಬದುಕಿರುವಾಗಲೇ ಹಲವು ಸಲ ಸತ್ತವನು. ಅವನು ಸಿನಿಮಾಗಳಿಗೆ ಸ್ಟಿಲ್ ಫೋಟೋಗ್ರಾಫರ್. ಹೀರೋ ಮನೆಯ ಗೋಡೆಗೆ ತೀರಿಹೋದ ಅಪ್ಪನ ಫೋಟೋ ಬೇಕೆಂದು ಸೆಟ್ಟಿನವರು ಕೊನೇ ಗಳಿಗೆಯಲ್ಲಿ ಒದ್ದಾಡಿದಾಗಲೆಲ್ಲ ಇವನು ತನ್ನದೇ ಫೋಟೋಗೆ ಕಟ್ಟು ಹಾಕಿಸಿ ಕೊಡುತ್ತಿದ್ದ. ಸಿನಿಮಾದ ಅಪ್ಪಂದಿರು ಚಿಕ್ಕ ವಯಸ್ಸಿಗೇ ಸಾಯುವುದರಿಂದ ಇವನ ಮುಖ ಚೆನ್ನಾಗಿ ಒಗ್ಗುತ್ತಿತ್ತು. ಹಾರ ಹಾಕಿದ ಆ ಫೋಟೋ ಮುಂದೆ ಹೀರೋ ಕಣ್ಣೀರು ಸುರಿಸುವನು; ಈ ಮಹಾನುಭಾವ ಎದುರು ನಿಂತು ಅದರ ಸ್ಟಿಲ್ ತೆಗೆಯುವನು.

ಇವನನ್ನು ಮದುವೆಗೆ ಒಪ್ಪಿಕೊಂಡಿದ್ದ ಹೆಣ್ಣಿನ ಕಡೆಯವರು ಟೀವಿಯಲ್ಲಿ ಹಾರ ಸಮೇತ ಗಂಡನ್ನು ಕಂಡು ಹಿಂದೆ ಸರಿದರು. ಆಮೇಲೆ ಇವನು ಮದುವೆಯ ಮಾತೆತ್ತಲಿಲ್ಲ. ಮನೆಯಲ್ಲಿ ಅವನೂ ತಾಯಿ ಮಹಾನಂದಮ್ಮನೂ ಇಬ್ಬರೇ.

ಶೂಟಿಂಗ್ ಮುಗಿದು ಫ್ರೇಮು ವಾಪಸು ಬಂದ ದಿನ ಮಹಾನಂದಮ್ಮನ ಗಂಟಲು ನಮ್ಮ ಅಡುಗೆಮನೆಗೂ ಕೇಳುತ್ತಿತ್ತು.

"ಬದುಕಿರೋನಿಗೆ ಹಾರ ಹಾಕ್ತಾರೇನೋ? ನಾಚಿಕೆ ಆಗಲ್ವಾ ನಿಂಗೆ?"

ಹಾರ ಕಿತ್ತು ಕಸದ ಬುಟ್ಟಿಗೆ ಎಸೆಯುವರು. ಅವನು ಕ್ಯಾಮೆರಾ ಎತ್ತಿದರೆ ಸೆರಗನ್ನು ಮುಖಕ್ಕೆ ಅಡ್ಡ ಹಿಡಿಯುವರು. "ನನ್ನ ಫೋಟೋ ತೆಗೀಬೇಡ. ನಾಳೆ ಯಾವ ಹೀರೋಗೋ ಅಮ್ಮ ಅಂತ ಗೋಡೆಗೆ ನೇತಾಕ್ತೀಯ."

ಅವನು ನಕ್ಕು ಕ್ಯಾಮೆರಾ ಇಳಿಸುವನು. ಇನ್ನೊಂದು ದಿನ ತೆಗೆದರಾಯಿತು ಎಂದುಕೊಳ್ಳುತ್ತಿದ್ದ.

ಹೋದ ಶ್ರಾವಣದಲ್ಲಿ ಮಹಾನಂದಮ್ಮ ಮಲಗಿದಲ್ಲೇ ಶಿವೈಕ್ಯರಾದರು. ಶಿವಗಣಾರಾಧನೆಗೆ ಇಡಲು ಒಂದು ಫೋಟೋ ಕೊಡೆಂದು ನೆಂಟರು ಕೇಳಿದರೆ ಇವನು ಬೀರುವೆಲ್ಲ ತಡಕಾಡಿ ಬರಿಗೈಯಲ್ಲಿ ಬಂದ. ನನಗೆ ಸಿಟ್ಟು ನೆತ್ತಿಗೇರಿತು.

"ಹೀರೋಗಳನ್ನೆಲ್ಲ ತೆಗೆದೆಯಲ್ಲೋ, ಹೆತ್ತೋಳ್ದು ಒಂದು ಫೋಟೋ ಇಲ್ವಾ?"

ಇದ್ದದ್ದು ಆಧಾರ್ ಕಾರ್ಡಿನದು. ಅದರಲ್ಲಿ ಆಕೆ ಪೊಲೀಸರಿಗೆ ಸಿಕ್ಕಿಬಿದ್ದವರಂತೆ ಬೆದರಿದ್ದರು. ಫೋಟೋ ಇಲ್ಲದೆಯೇ ಕಾರ್ಯ ಮುಗಿಯಿತು.

ನೆಂಟರು ಹೊರಟ ಮೇಲೆ ಅವನು ಶೂಟಿಂಗಿಗೆ ಹೋಗಲಿಲ್ಲ. ಹಳೆಯ ಸ್ಟಿಲ್‌ಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಂಡು ಕೂತ. ಮಹಾನಂದಮ್ಮ ಒಂದೇ ಒಂದು ಸಲ ಸೆಟ್ಟಿಗೆ ಹೋಗಿದ್ದರು. ಅಂದು ಶೂಟಿಂಗ್ ಇದ್ದದ್ದು ವಿಶ್ವೇಶ್ವರಪುರಂ ತಿಂಡಿ ಬೀದಿಯಲ್ಲಿ. ತಿಂಡಿ ಬೀದಿಯಲ್ಲಿ ನಿಂತ ಮಗ ಹಸಿದಿರುತ್ತಾನೆಂದು ಊಟದ ಡಬ್ಬಿ ಒಯ್ದ ತಾಯಿ ಆಕೆ! ಆ ದಿನದ್ದರಲ್ಲಿ ಎಲ್ಲಾದರೂ ಇರಬಹುದೆಂದು ಅವನ ಆಸೆ.

ಒಂದು ಸಂಜೆ ನನ್ನನ್ನು ಕೂಗಿದ. ಕಂಪ್ಯೂಟರಿನಲ್ಲಿ ಹೀರೋ ದೋಸೆ ತಿನ್ನುತ್ತ ನಗುತ್ತಿದ್ದ, ಮೀಸೆಯ ಕೂದಲು ಕೂಡ ಸ್ಪಷ್ಟ. ಹಿಂದಿನ ಗುಂಪಿನಲ್ಲಿ ಡಬ್ಬಿ ಹಿಡಿದು ಮಹಾನಂದಮ್ಮ. ಹೀರೋ ಎದ್ದು ಕಾಣಲೆಂದು ಹಿಂದಿನದನ್ನೆಲ್ಲ ಮಸುಕು ಮಾಡುವುದು ಇವನ ಕಸುಬಿನ ರೀತಿ. ತಾಯಿಯೂ ಮಸುಕಾಗಿದ್ದರು. ಆದರೆ ಸೆರಗು ಅಡ್ಡ ಇರಲಿಲ್ಲ. ಮಗನ ಕಡೆಗೇ ನೋಡುತ್ತಿದ್ದರು.

"ಎದುರಿಗೇ ನಿಂತಿದ್ಲು ಅಕ್ಕಾ. ನಾನು ನೋಡ್ಲೇ ಇಲ್ಲ."

"ಈಗಿನ ಕಂಪ್ಯೂಟರು ಮುಖ ಸರಿಮಾಡಿ ಕೊಡುತ್ತಂತಲ್ಲೋ?"

"ಮಾಡಿ ನೋಡಿದೆ. ಚೆನ್ನಾಗೇ ಬಂತು. ಆದ್ರೆ ಅದು ಯಾರೋ ಬೇರೆಯವ್ರ ಅಮ್ಮ."

ನನಗೆ ಅಳು ಬಂತು. ಅವನು ಅಳಲಿಲ್ಲ.

ಮರುದಿನ ಆ ಮಸುಕು ಮುಖವನ್ನೇ ದೊಡ್ಡದು ಮಾಡಿಸಿ ತಂದ. ಸಿನಿಮಾಗೆ ಕೊಡುತ್ತಿದ್ದ ಫ್ರೇಮಿನಿಂದ ತನ್ನ ಫೋಟೋ ತೆಗೆದು, ಅಲ್ಲಿ ಅಮ್ಮನನ್ನು ಕೂರಿಸಿ ಗೋಡೆಗೆ ತೂಗುಹಾಕಿದ. ನಾನು ಸೇವಂತಿಗೆ ಹಾರ ಒಯ್ದಿದ್ದೆ.

"ಹಾರ ಬೇಡ ಅಕ್ಕಾ, ಬೈತಾಳೆ," ಎಂದ.

ಹಾಗೆಂದವನೇ ನನ್ನ ಕೈಯಿಂದ ಹಾರ ಇಸಿದುಕೊಂಡು ಹಾಕಿಯೇಬಿಟ್ಟ. ಹಾಕಿದವನು ಬೈಗುಳಕ್ಕೆ ಕಿವಿಗೊಟ್ಟು ಅಲ್ಲೇ ನಿಂತ. ಯಾರೂ ಬೈಯಲಿಲ್ಲ.