ಆಯ್ತಣ್ಣ ಅಕ್ಕನಿಗೆ ಹಿಡಿದುಕೊಟ್ಟ ಮನೆ

ನನ್ನ ಜೆರಾಕ್ಸ್ ಅಂಗಡಿ ಮುಂದಿನ ಪ್ಲಾಸ್ಟಿಕ್ ಕುರ್ಚಿಯೇ ಆಯ್ತಣ್ಣನ ಆಫೀಸು. ಬಾಡಿಗೆ ಮನೆ ತೋರಿಸುವ ಬ್ರೋಕರ್. ದಿನಾ ನೀರು ಬರುತ್ತಾ ಅಂದರೂ, ಗೋಡೆಗೆ ಬಣ್ಣ ಹೊಡೆಸಿಕೊಡ್ತೀರಾ ಅಂದರೂ ಅವನ ಉತ್ತರ ಒಂದೇ: ‘ಆಯ್ತಣ್ಣ’. ಹೆಂಗಸರಿಗೂ ಹಾಗೇ ಅಂದಿದ್ದುಂಟು. ಆದರೆ ಕಮಿಷನ್ ಬಂದು ಬೀಗದ ಕೈ ಕೊಟ್ಟನೋ, ಆಮೇಲೆ ಆ ಬಾಡಿಗೆದಾರರ ಫೋನನ್ನು ಸತ್ತರೂ ಎತ್ತುತ್ತಿರಲಿಲ್ಲ. ಎದುರು ಸಿಕ್ಕರೆ ಸುಮ್ಮನೆ ಕಿವಿಗೆ ಮೊಬೈಲ್ ಒತ್ತಿಕೊಂಡು ರಸ್ತೆ ದಾಟುತ್ತಿದ್ದ. “ಮಾತಾಡಿದ್ರೆ ದೂರು ಬಿಟ್ಟು ಇನ್ನೇನೂ ಬರಲ್ಲ” ಅನ್ನುವುದು ಅವನ ಅನುಭವ.

ಅವನಿಗೆ ಅನ್ನ ಹಾಕುತ್ತಿದ್ದದ್ದು ಎರಡು ಬೀದಿ ಆಚೆಯ ಆರಂತಸ್ತಿನ ಅಪಾರ್ಟ್‌ಮೆಂಟು. ಬಂದವರನ್ನು ಮೊದಲು ಮನೆಗೆ ಕರೆದೊಯ್ಯುತ್ತಿರಲಿಲ್ಲ, ಸೀದಾ ಈಜುಕೊಳದ ಮುಂದೆ ನಿಲ್ಲಿಸುತ್ತಿದ್ದ. ಆ ನೀಲಿ ನೀರು ನೋಡಿದ ಮೇಲೆ ಅಡುಗೆಮನೆ ಗೋಡೆಯ ತೇವ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹತ್ತು ವರ್ಷದಲ್ಲಿ ಅರವತ್ತು ಸಂಸಾರಗಳನ್ನು ಅಲ್ಲಿ ಸೇರಿಸಿದ. ಹದಿನಾಲ್ಕು ಪುಟದ ಕರಾರುಪತ್ರ ನನ್ನ ಅಂಗಡಿಯಲ್ಲೇ ನಕಲಾಗುತ್ತಿತ್ತು. ಸಹಿ ಹಾಕುವ ಜಾಗಗಳನ್ನು ಮಾತ್ರ ತೋರಿಸಿ, ಉಳಿದ ಹಾಳೆಗಳನ್ನು ಹೆಬ್ಬೆರಳಲ್ಲಿ ಸರಸರ ದಾಟಿಸುತ್ತಿದ್ದ. ಅವನ್ನು ಅವನೂ ಓದಿದವನಲ್ಲ, ನಾನೂ ಓದಿದವನಲ್ಲ.

ಹೀಗಿರುವಾಗ ಅವನ ಅಕ್ಕನಿಗೆ ಲಕ್ವ ಹೊಡೆಯಿತು. ತಾಯಿಯಿಲ್ಲದ ತಮ್ಮನನ್ನು ಮೀಸೆ ಮೂಡುವ ತನಕ ಸಾಕಿದವಳು. ಎಡಗಾಲು ಕೊರಡಾಯಿತು. ದಿನಾ ಎದೆಮಟ್ಟದ ನೀರಲ್ಲಿ ನಡೆಸಬೇಕು, ಮೊದಲ ಆರು ತಿಂಗಳಲ್ಲಿ ಕಾಲಿಗೆ ಶಕ್ತಿ ಬಂದಷ್ಟೇ ಬಂತು ಎಂದು ಡಾಕ್ಟರು ಹೇಳಿದರು. ಅಕ್ಕನ ಆಸೆ ದೊಡ್ಡದೇನಲ್ಲ. ಮಗಳು ಬಟ್ಟೆ ಅಂಗಡಿಯ ಕೆಲಸಕ್ಕೆ ಹೋದರೆ ಬರುವುದು ಸಂಜೆ ಏಳಕ್ಕೆ, ಅಲ್ಲಿಯವರೆಗೆ ತಡೆದುಕೊಂಡು ಕೂರಬೇಕು. ಒಬ್ಬಳೇ ಬಚ್ಚಲಿಗೆ ಹೋಗುವಷ್ಟಾದರೆ ಸಾಕು ಅನ್ನುತ್ತಿದ್ದಳು. ನಾನು ಕರ್ಕೊಂಡು ಹೋಗ್ತೀನಿ ಎಂದು ತಮ್ಮ ಮುಂದೆ ಬಂದರೆ, “ಅದೊಂದನ್ನ ನಿನ್ನ ಕೈಲಿ ಮಾಡಿಸ್ಕೊಳ್ಳಲ್ಲ ಕಣೋ” ಎಂದು ಮುಖ ತಿರುಗಿಸುತ್ತಿದ್ದಳು.

ಆಯ್ತಣ್ಣ ಅವಳ ಹಳೆಯ ಮನೆ ಖಾಲಿ ಮಾಡಿಸಿ, ಕಮಿಷನ್ನೂ ಬಿಟ್ಟು, ಈಜುಕೊಳವಿರುವ ಅದೇ ಅಪಾರ್ಟ್‌ಮೆಂಟಲ್ಲಿ ಮನೆ ಹಿಡಿದುಕೊಟ್ಟ. ಅಕ್ಕ ಸಹಿ ಹಾಕುವಾಗಲೂ ಅವನ ಹೆಬ್ಬೆರಳು ರೂಢಿಯಂತೆ ಹಾಳೆ ದಾಟಿಸಿತು. ಮರುದಿನ ಬೆಳಿಗ್ಗೆ ಗಾಲಿಕುರ್ಚಿ ತಳ್ಳಿಕೊಂಡು ಕೊಳದ ಗೇಟಿಗೆ ಬಂದರೆ ವಾಚ್‌ಮನ್ ಬೀಗ ತೆಗೆಯಲಿಲ್ಲ.

“ಬಾಡಿಗೆಯವರಿಗೆ ಬಿಡಲ್ಲ ಸಾರ್. ಓನರ್‌ಗಳಿಗೆ ಮಾತ್ರ.”

“ಯಾವಾಗಿಂದ?”

“ಮೊದ್ಲಿಂದಾನೂ. ನೀವು ಸೇರಿಸಿದವರೆಲ್ಲ ಇಲ್ಲೇ ನಿಂತು ನನ್ನ ಹತ್ರ ಜಗಳ ಆಡಿದ್ದಾರೆ. ನಿಮಗೆ ಯಾರೂ ಹೇಳ್ಲಿಲ್ವಾ?”

ಹೇಳಲು ಅರವತ್ತು ಮನೆಯವರೂ ಫೋನ್ ಮಾಡಿದ್ದರು. ಪುಣ್ಯಾತ್ಮ ಎತ್ತಿದ್ದರೆ ತಾನೇ?

ಅಪಾರ್ಟ್‌ಮೆಂಟಿನ ಸೆಕ್ರೆಟರಿ ಕರಾರಿನ ಒಂಬತ್ತನೇ ಪುಟ ತೆಗೆದು ಬೆರಳಿಟ್ಟು ತೋರಿಸಿದರು. ಇವನು ಅವರ ಕಾಲು ಹಿಡಿಯುವುದೊಂದು ಬಾಕಿ. “ಒಬ್ರಿಗೆ ಬಿಟ್ರೆ ಎಲ್ರೂ ಕೇಳ್ತಾರೆ” ಅಂದರು. ಮನೆ ಬಿಡೋಣವೆಂದರೆ ಹನ್ನೊಂದು ತಿಂಗಳು ಬಿಡುವ ಹಾಗಿಲ್ಲ. ಅದೂ ಅದೇ ಕರಾರಿನಲ್ಲಿತ್ತು. ಊರಾಚೆ ಕ್ರೀಡಾಂಗಣದ ಕೊಳಕ್ಕೆ ಟ್ಯಾಕ್ಸಿಯಲ್ಲಿ ನಾಲ್ಕೈದು ಸಲ ಹೋದರು, ಆಮೇಲೆ ದುಡ್ಡು ಹೊಂದದೆ ಅದೂ ನಿಂತಿತು.

ಅವನ ಮೇಲೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಆ ಒಂಬತ್ತನೇ ಪುಟವನ್ನು ಅರವತ್ತು ಸಲ ಜೆರಾಕ್ಸ್ ಮೆಷಿನ್ನಿನ ಗಾಜಿನ ಮೇಲೆ ಬೋರಲು ಹಾಕಿದವನು ನಾನೇ ಅಲ್ಲವೇ?

ಆರು ತಿಂಗಳಾದ ಮೇಲೆ ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಡಾಕ್ಟರು ಪೆನ್ನಿನ ತುದಿಯಿಂದ ಅವಳ ಅಂಗಾಲು ಗೀರಿದರು. ಬೆರಳು ಮಿಸುಕಲಿಲ್ಲ. “ಇನ್ನು ಇಷ್ಟೇ ಅಂದ್ಕೊಳ್ಳಿ” ಅಂದರು.

ಮನೆಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಮಗಳು ಕೆಲಸಕ್ಕೆ ಹೋಗಿದ್ದಳು. ಆಯ್ತಣ್ಣ ಗೋಡೆಗೊರಗಿ ನಿಂತಿದ್ದ. ಅಕ್ಕ ಬೈಯಲಿ, ಕೆನ್ನೆಗೆ ಎರಡು ಬಿಗಿಯಲಿ ಎಂದು ಕಾಯುತ್ತಿದ್ದ ಅನ್ನುವುದು ಅವನ ಮುಖದಲ್ಲೇ ಕಾಣುತ್ತಿತ್ತು. ಅವಳು ನನ್ನ ಕಡೆ ತಿರುಗಿ, “ನೀವು ಸ್ವಲ್ಪ ಹೊರಗಿರಿ” ಅಂದಳು. ಬಾಗಿಲು ಎಳೆದುಕೊಳ್ಳುವಾಗ ಅವಳ ಮಾತು ಕೇಳಿಸಿತು.

“ಬಾ, ಬಚ್ಚಲಿಗೆ ಕರ್ಕೊಂಡ್ಹೋಗು. ಇನ್ಮೇಲೆ ದಿನಾ ಈ ಹೊತ್ತಿಗೆ ನೀನೇ ಬರ್ಬೇಕು. ಅಳ್ಬೇಡ ಕಣೋ, ಕಣ್ಣು ಕಾಣ್ದೆ ನನ್ನ ಬೀಳಿಸ್ತೀಯ.”