ಎರಡು ಹಾಡಿನ ಹೊತ್ತು

ಕೆಸರೆಯ ಡೇರೆ ಸಿನಿಮಾಕ್ಕೆ ಇಂಗ್ಲಿಷ್ ಚಿತ್ರ ಬಂದಾಗ ಪರದೆಯ ಪಕ್ಕ ಬೆತ್ತ ಹಿಡಿದು ನಿಂತು ಕನ್ನಡದಲ್ಲಿ ಕಥೆ ಹೇಳುತ್ತಿದ್ದವರು ಕರಿಬಸವಯ್ಯ. ಮೂಕಿ ಚಿತ್ರಗಳ ಕಾಲದಿಂದ ಅವರದು ಅದೇ ಕೆಲಸ. ಪರದೇಶದ ಹೆಸರುಗಳು ನೆಲದ ಮೇಲೆ ಕೂತವರಿಗೆ ಹತ್ತುವುದಿಲ್ಲವೆಂದು ದೊರೆಸಾನಿ ನಾಯಕಿಯನ್ನು ಚೂಡಾಮಣಿ ಮಾಡುತ್ತಿದ್ದರು. ಕಳ್ಳನಿಗೆ ಊರೆಲ್ಲ ಬಲ್ಲ ಯಾವನೋ ಸಾಹುಕಾರನ ಹೆಸರಿಡುತ್ತಿದ್ದರು. ಹಾಗೆ ಸಿಕ್ಕಿಬಿದ್ದವರೂ ಮರುದಿನ ಬಂದು ನಕ್ಕು ಹೋಗುತ್ತಿದ್ದರು.

ಐವತ್ತನೇ ಇಸವಿಯ ನಂತರ ಕನ್ನಡ, ತಮಿಳು ಚಿತ್ರಗಳೇ ಡೇರೆ ತುಂಬಿದವು. ಮಾಲೀಕ ಷಡಕ್ಷರಿ ಒಂದು ದಿನ ಕರೆದು, ಮುಂದಿನ ಇಂಗ್ಲಿಷ್ ಚಿತ್ರಕ್ಕೆ ಜನ ನಿಮ್ಮ ಮಾತು ಕೇಳಿದರೆ ಇರಿ, ಇಲ್ಲದಿದ್ದರೆ ಅದೇ ಕೊನೆ ಎಂದರು.

ಬಂದದ್ದು ಪೂರ್ತಿ ಕೈಯಲ್ಲಿ ಬರೆದ ಬೊಂಬೆಗಳ ಚಿತ್ರ. ಹಡಗೊಡೆದು ದಡ ಸೇರಿದ ಒಬ್ಬ ಮನುಷ್ಯ, ಅವನ ಮೈಮೇಲೆ ಹತ್ತಿ ಹಗ್ಗ ಬಿಗಿಯುವ ಬೆರಳುದ್ದದ ಜನ. ಮದುವೆಯಲ್ಲಿ ಯಾರ ನಾಡಿನ ಹಾಡು ಹಾಡಬೇಕೆಂದು ಯುದ್ಧಕ್ಕೆ ನಿಲ್ಲುವ ಇಬ್ಬರು ರಾಜರು. ಖಾಲಿ ಡೇರೆಯಲ್ಲಿ ಮೊದಲು ಓಡಿಸಿ ನೋಡಿದಾಗಲೇ ಕರಿಬಸವಯ್ಯನವರ ಮುಖ ಸಣ್ಣದಾಯಿತು. ಆಟಕ್ಕೆ ಮುಂಚೆ ಮೈಕಿನಲ್ಲಿ ಯಾವ ದೇವರ ಹಾಡಿನ ಪ್ಲೇಟು ಮೊದಲು ಹಾಕಬೇಕೆಂದು ಷಡಕ್ಷರಿಗೂ ಅವರ ಅಣ್ಣನಿಗೂ ಆ ವರ್ಷವೇ ಮಾತು ಬಿಟ್ಟಿತ್ತು. ಅಣ್ಣನಿಗೆ ನಂಜುಂಡೇಶ್ವರ, ತಮ್ಮನಿಗೆ ಚಾಮುಂಡಿ. ಅಣ್ಣ ರಸ್ತೆಯಾಚೆ ಬೇರೆ ಡೇರೆಗೆ ಗೂಟ ಹೊಡೆಸಿದ್ದರು.

“ಅವರ ಮನೆ ವಿಚಾರ ಬಾಯಿಗೆ ತರಬೇಡಿ ಕಣ್ರೀ,” ಎಂದರು ಹೆಂಡತಿ ಪುಟ್ಟಬಸಮ್ಮ, ಕೋಟು ಕೊಡುತ್ತ. “ಬೆತ್ತ ಕೈಗೆ ಬಂದ್ಬುಟ್ರೆ ನಿಮಗೆ ಎಚ್ಚರವೇ ಇರಲ್ಲ.”

ಅವರು ತಲೆಯಾಡಿಸಿ ಹೋದರು.

ಅಂದು ಡೇರೆ ಮಂಕಾಗಿತ್ತು. ಬೊಂಬೆ ನೋಡಲು ಬಂದೆವೇ ಎಂದು ದೊಡ್ಡವರು ಗೊಣಗುತ್ತಿದ್ದರು. ಒಬ್ಬಿಬ್ಬರು ಎದ್ದರು. ಪರದೆಯ ಮೇಲೆ ರಾಜರು ಕಾಲು ಅಪ್ಪಳಿಸುತ್ತಿದ್ದಾಗ ನೆಲದಿಂದ ಯಾರೋ ಕೇಳಿದರು:

“ಯಾಕ್ ಬಸಣ್ಣ ಇವರ ಜಗಳ?”

“ಯಾವ ಹಾಡು ಮೊದಲು ಅಂತ ಕಣಪ್ಪ. ಹೊಸದಾ ನಮಗೆ?”

ನೆಲದಲ್ಲಿ ಕೂತ ಒಬ್ಬ ಕಿಸಕ್ಕೆಂದ. ಆಮೇಲೆ ನಗು ಬೆಂಚುಗಳವರೆಗೆ ಹಬ್ಬಿತು. ಎದ್ದವರು ಕೂತರು. ಎಷ್ಟೋ ವರ್ಷದ ಮೇಲೆ ಡೇರೆ ತಮ್ಮ ಕೈಗೆ ಬಂದದ್ದು ಕರಿಬಸವಯ್ಯನವರಿಗೆ ಗೊತ್ತಾಯಿತು. ಬೆತ್ತ ಎತ್ತಿ, “ದೊಡ್ಡ ರಾಜರು ಆಗಲೇ ಆಚೆ ಗೂಟ ಹೊಡೆದವ್ರೆ,” ಎಂದರು.

ರೀಲು ಬದಲಿಸಲು ದೀಪ ಹತ್ತಿದಾಗ ಷಡಕ್ಷರಿ ಎದುರಿಗೆ ನಿಂತಿದ್ದರು. ಬೈಯಲಿಲ್ಲ. ಬೆತ್ತ ಇಸಿದುಕೊಂಡು, “ಮನೆಗೆ ಹೋಗಿ,” ಎಂದರಷ್ಟೆ.

ಕರಿಬಸವಯ್ಯ ಡೇರೆಯ ಬಟ್ಟೆಯ ಆಚೆ ನಿಂತರು. ತಾವಿಲ್ಲದೆ ಜನ ಎದ್ದು ಬರುತ್ತಾರೆಂದು ಕಾದರು. ಯಾರೂ ಬರಲಿಲ್ಲ. ಒಮ್ಮೆ ಬಿಚ್ಚಿಕೊಂಡ ನಗು ಮಾತಿಲ್ಲದೆಯೇ, ಸರಿಯಾದ ಜಾಗಗಳಲ್ಲೇ ಏಳುತ್ತಿತ್ತು. ಒಳಗೆ ಕೂತ ಷಡಕ್ಷರಿಯೂ ಅದನ್ನು ಕೇಳುತ್ತಿದ್ದರು. ಕೊನೆಯ ರೀಲಿನಲ್ಲಿ ರಾಜರು ಎರಡು ಹಾಡನ್ನೂ ಸೇರಿಸಿ ಹಾಡಿಸಿ ಒಂದಾಗುತ್ತಾರೆ. ಅದನ್ನು ಹೇಳುವ ಸರದಿ ಕರಿಬಸವಯ್ಯನವರಿಗೆ ಬರಲಿಲ್ಲ.

ಷಡಕ್ಷರಿ ಮತ್ತೆ ಅವರನ್ನು ಕರೆಯಲಿಲ್ಲ. ಆದರೂ ಸಂಜೆ ಆಟಕ್ಕೆ ಮುಂಚಿನ ಡೇರೆಯ ಹಾಡು ಕೇಳಿದೊಡನೆ ಎದ್ದು ಕೋಟು ಹಾಕಿಕೊಂಡು ಜಗಲಿಗೆ ಬರುತ್ತಿದ್ದರು. ಹಾಡು ನಿಂತ ಮೇಲೆ ಬಿಚ್ಚಿ ಮೊಳೆಗೆ ಹಾಕುತ್ತಿದ್ದರು.

ಎರಡು ವರ್ಷಕ್ಕೆ ಅಣ್ಣತಮ್ಮಂದಿರು ರಾಜಿಯಾದರು. ಮೈಕಿನಲ್ಲಿ ಮೊದಲು ನಂಜುಂಡೇಶ್ವರನ ಹಾಡು, ಅದರ ಹಿಂದೆಯೇ ಚಾಮುಂಡಿಯದು. ಅಂದಿನಿಂದ ಕರಿಬಸವಯ್ಯ ಜಗಲಿಯ ಮೇಲೆ ಕೋಟು ಹಾಕಿಕೊಂಡು ನಿಲ್ಲುವ ಹೊತ್ತು ಎರಡರಷ್ಟಾಯಿತು.